ಈರುಳ್ಳಿ ಇಲ್ಲದ ಮನೆಯ ಈರುಳ್ಳಿ ರಂಗೋಲಿ

ಸೊಸೆ ಈರುಳ್ಳಿ ಹೆಚ್ಚಲು ಕೂತಾಗ ನಾನು ಹೋಗಿ ಪಕ್ಕದಲ್ಲಿ ನಿಲ್ಲುತ್ತೇನೆ. ಸಹಾಯಕ್ಕಲ್ಲ. ಆ ವಿಷಯದಲ್ಲಿ ನನ್ನ ಕೀರ್ತಿ ಎಷ್ಟು ಗಟ್ಟಿಯಾಗಿದೆಯೆಂದರೆ ಯಾರೂ ನನ್ನನ್ನು ಕೇಳುವುದೂ ಇಲ್ಲ. ಒಂದು ಪದರವನ್ನು ಎತ್ತಿಕೊಂಡು, ಅದರ ಒಳಮೈಗೆ ಅಂಟಿರುವ ತೆಳ್ಳನೆಯ ಪೊರೆಯನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತೇನೆ. ಅದರಲ್ಲಿ ಏನೂ ಕಾಣುವುದಿಲ್ಲ. ಕಾಣಬೇಕಾದದ್ದು ಬರಿಗಣ್ಣಿಗೆ ಕಾಣುವಂಥದ್ದೇ ಅಲ್ಲ, ಅದು ನನಗೂ ಗೊತ್ತು. ಆದರೂ ನೋಡುತ್ತೇನೆ. ಮೊಮ್ಮಗಳು ನಡುಮನೆಯಲ್ಲಿ ಕೂತವರಿಗೆಲ್ಲ ಕೇಳುವ ಹಾಗೆ, “ತಾತ ಮತ್ತೆ ಈರುಳ್ಳಿ ಓದ್ತಾ ಇದಾರೆ” ಎಂದು ವರದಿ ಒಪ್ಪಿಸುತ್ತಾಳೆ. ಸೊಸೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾಳೆ. ನಾನೂ ಒರೆಸಿಕೊಳ್ಳುತ್ತೇನೆ. ಈರುಳ್ಳಿಯಿಂದ ಇರುವ ದೊಡ್ಡ ಅನುಕೂಲವೇ ಅದು: ಕಣ್ಣೊರೆಸಿಕೊಂಡರೆ ಯಾರೂ ಕಾರಣ ಕೇಳುವುದಿಲ್ಲ.

ನಾನು ಹುಟ್ಟಿ ಬೆಳೆದ ಮುಳಬಾಗಿಲಿನ ಮನೆಯಲ್ಲಿ ಈ ಅನುಕೂಲ ಇರಲಿಲ್ಲ. ಅಲ್ಲಿಗೆ ಈರುಳ್ಳಿಯ ಪ್ರವೇಶವೇ ಇರಲಿಲ್ಲ. ಅಪ್ಪ ಅಮಲ್ದಾರರ ಕಚೇರಿಯಲ್ಲಿ ಗುಮಾಸ್ತರು. ಅಮ್ಮ ಮನೆಗೇ ಅಮಲ್ದಾರರು. ಬೆಳ್ಳುಳ್ಳಿ, ಈರುಳ್ಳಿ, ಕೆಂಪು ಮೂಲಂಗಿ, ಇಸ್ಪೀಟು ಇವಿಷ್ಟೂ ಹೊಸ್ತಿಲಿನ ಆಚೆಗೆ. ಇಂಥ ಮನೆಯ ಹುಡುಗನಾದ ನನಗೆ ಜೀವಶಾಸ್ತ್ರದ ಬಾಗಿಲು ತೆರೆದದ್ದು ಈರುಳ್ಳಿಯಿಂದಲೇ ಎಂಬುದು ವಿಧಿಯ ಕುಚೋದ್ಯವಲ್ಲದೆ ಮತ್ತೇನು?

ಅದು ಯುದ್ಧದ ಕಾಲ. ಸೀಮೆಎಣ್ಣೆಗೆ ಸಾಲು ನಿಲ್ಲಬೇಕು, ಬಸ್ಸುಗಳು ಪೆಟ್ರೋಲು ಬಿಟ್ಟು ಇದ್ದಲು ತಿನ್ನಲು ಕಲಿತಿದ್ದವು. ನಮ್ಮ ಕಡೆಯ ಹೈಸ್ಕೂಲುಗಳಿಗೆಲ್ಲ ಸೇರಿ ಇದ್ದದ್ದು ಒಂದೇ ಸೂಕ್ಷ್ಮದರ್ಶಕ. ಕೋಲಾರದಲ್ಲಿ ಅದರ ಖಾಯಂ ವಾಸ. ವರ್ಷಕ್ಕೊಮ್ಮೆ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಂದು ಸವಾರಿ ಹೊರಡುತ್ತಿತ್ತು. ಒಂದೊಂದು ಊರಿನಲ್ಲಿ ಒಂದೊಂದು ವಾರದ ಬಿಡಾರ. ಹಿತ್ತಾಳೆಯ ಮೈ, ಮರದ ಪೆಟ್ಟಿಗೆ, ಒಳಗೆ ನೀಲಿ ಮಕಮಲ್ಲು. ನಮ್ಮ ವಿಜ್ಞಾನದ ಮೇಷ್ಟ್ರು ಸೀತಾರಾಮಯ್ಯನವರು ಅದನ್ನು ಎತ್ತಿಕೊಂಡು ಬರುವಾಗ ಎಳೆಗೂಸನ್ನು ಎತ್ತಿಕೊಂಡ ಬಾಣಂತಿಯಂತೆ ನಡೆಯುತ್ತಿದ್ದರು. ಎದುರಿಗೆ ಯಾರಾದರೂ ಸೀನಿದರೆ ನಿಂತುಬಿಡುತ್ತಿದ್ದರು. ಶಕುನಕ್ಕಲ್ಲ, ಕೈ ಅಲುಗಾಡೀತೆಂದು.

“ನಾಳೆ ಎಲ್ರೂ ಒಂದೊಂದು ಈರುಳ್ಳಿ ತರ್ರೋ” ಎಂದರು ಮೇಷ್ಟ್ರು.

ಎಲ್ಲರೂ ತಂದರು. ನಾನೂ ಅಂಗಡಿಯಲ್ಲಿ ಒಂದನ್ನು ಕೊಂಡು, ಅಂಗಿಯ ಜೇಬಿಗೆ ಹಾಕಿಕೊಂಡು, ಅದರ ಮೇಲೆ ಒಂದು ಕೈಯಿಟ್ಟುಕೊಂಡು ಮನೆಗೆ ಬಂದೆ. ಅಮ್ಮನ ಮೂಗಿನ ಶಕ್ತಿಯನ್ನು ನಾನು ಕಡಿಮೆ ಅಂದಾಜು ಮಾಡಿದ್ದೆ. ಅಂಗಿ ಬಾವಿಕಟ್ಟೆಗೆ ಹೋಯಿತು, ನಾನು ಬಚ್ಚಲಿಗೆ ಹೋದೆ, ಈರುಳ್ಳಿ ಗೋಡೆಯಾಚೆ ಹೋಯಿತು. ಅಲ್ಲಿ ಅದು ಬಹಳ ಹೊತ್ತು ಇರಲಿಲ್ಲ. ಹಿತ್ತಿಲ ಬಾಗಿಲಿನಿಂದ ಸದ್ದಿಲ್ಲದೆ ಹೋಗಿ ಅದನ್ನು ಹುಡುಕಿ ತಂದು ನನ್ನ ಸ್ಕೂಲು ಚೀಲಕ್ಕೆ ಹಾಕಿದವಳು ಪದ್ದಕ್ಕ.

ಪದ್ದಕ್ಕ ನನ್ನ ಒಡಹುಟ್ಟಿದವಳು, ನನಗಿಂತ ದೊಡ್ಡವಳು. ಮಿಡಲ್ ಸ್ಕೂಲು ಮುಗಿಯುತ್ತಲೇ ಅವಳ ಓದಿಗೆ ಮಂಗಳ ಹಾಡಿದ್ದರು. ಹಾಡಿದ್ದು ಅಪ್ಪ, ಅವಳಲ್ಲ. ಅವಳು ನನ್ನ ಪುಸ್ತಕಗಳನ್ನು ಅಡುಗೆಮನೆಯಲ್ಲಿ ಓದುತ್ತಿದ್ದಳು. ನಮ್ಮ ಪಾಠಗಳು ಇಂಗ್ಲಿಷಿನಲ್ಲಿ. ಅವಳಿಗೆ ಆ ಭಾಷೆ ಅರ್ಧ ಬರುತ್ತಿತ್ತು, ನನಗೆ ಕಾಲು ಭಾಗ ಬರುತ್ತಿತ್ತು. ಇಬ್ಬರ ಪಾಂಡಿತ್ಯವನ್ನೂ ಕೂಡಿಸಿದರೆ ಮುಕ್ಕಾಲು ಅರ್ಥವಾಗುತ್ತಿತ್ತು. ಉಳಿದ ಕಾಲು ಭಾಗವನ್ನು ಪದ್ದಕ್ಕ ಒಲೆಯ ಮುಂದೆ ಕೂತು ತಾನೇ ಕಟ್ಟುತ್ತಿದ್ದಳು.

“ಪಿಷ್ಟ ಅಂದ್ರೆ ಮುದ್ದೆ. ಪ್ರೋಟೀನು ಅಂದ್ರೆ ಅವರೇಕಾಳು. ಕೊಬ್ಬು ಅಂದ್ರೆ ತುಪ್ಪ. ಇಷ್ಟು ಹೇಳೋಕೆ ನಿನ್ ಪುಸ್ತಕಕ್ಕೆ ಇಷ್ಟು ಪುಟ ಬೇಕಾಯ್ತೇನೋ ನಾಣಿ?”

ಮುದ್ದೆಯಲ್ಲಿ ಪಿಷ್ಟವಿದೆ ಎಂದು ನಾನು ಸಾಧಿಸಿ ತೋರಿಸಿಯೂ ಇದ್ದೆ. ಗಾಯಕ್ಕೆ ಹಚ್ಚುವ ಅಯೋಡಿನ್ನನ್ನು ಆಸ್ಪತ್ರೆಯ ಕಂಪೌಂಡರನಿಂದ ತಂದು, ಅಪ್ಪನ ತಟ್ಟೆಯ ಮುದ್ದೆಯ ಮೇಲೆ ಒಂದು ತೊಟ್ಟು ಬಿಟ್ಟೆ. ವಿಜ್ಞಾನ ನನ್ನ ಕೈಬಿಡಲಿಲ್ಲ. ಮುದ್ದೆ ಮೊದಲೇ ಕಂದು. ಅದರ ಮೇಲೆ ಕಪ್ಪುನೀಲಿಯ ಕಲೆಯೊಂದು ಅರಳಿತು. ಅಪ್ಪ ತಟ್ಟೆಯನ್ನು ನೋಡಿದರು, ನನ್ನನ್ನು ನೋಡಿದರು, ಕೈತೊಳೆದುಕೊಂಡು ಎದ್ದರು. ಆ ರಾತ್ರಿಯ ಮುದ್ದೆಯನ್ನು ಹಸುವೂ ಮೂಸಲಿಲ್ಲ. “ನಿನ್ ಶಾಸ್ತ್ರ ಹೊಟ್ಟೆಗೆ ಹಾಕೋ ಶಾಸ್ತ್ರ ಅಲ್ಲಪ್ಪ, ಹೊಟ್ಟೆಯಿಂದ ಕಿತ್ಕೊಳ್ಳೋ ಶಾಸ್ತ್ರ” ಎಂದರು ಅಮ್ಮ. ಪದ್ದಕ್ಕ ಮಾತ್ರ ಆ ಮುದ್ದೆಯನ್ನು ಬಾವಿಕಟ್ಟೆಗೆ ಒಯ್ದು ಬೆಳಕಿನಲ್ಲಿ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

ಹೀಗೆ, ಈರುಳ್ಳಿಯ ಪೊರೆ ಸೂಕ್ಷ್ಮದರ್ಶಕದ ಕೆಳಗೆ ಹೋಯಿತು, ನಮ್ಮ ಕಣ್ಣು ಒಬ್ಬೊಬ್ಬರದಾಗಿ ಮೇಲೆ ಹೋಯಿತು. ನನ್ನ ಸರದಿ ಬಂದಾಗ ಮೊದಲು ಕಂಡದ್ದು ನನ್ನದೇ ರೆಪ್ಪೆಗೂದಲು. ಅದು ಸರಿದ ಮೇಲೆ ಇಟ್ಟಿಗೆ ಜೋಡಿಸಿದಂಥ ಸಾಲು ಸಾಲು ಕೋಶಗಳು. ಅವುಗಳ ನಡುವೆ ದಪ್ಪ ಕಪ್ಪು ಅಂಚಿನ, ಥಳಥಳ ಹೊಳೆಯುವ, ಗುಂಡನೆಯ ಒಂದು ಅದ್ಭುತ! ಇದೇ ನ್ಯೂಕ್ಲಿಯಸ್ಸು, ಕೋಶದ ರಾಜ, ಎಂದು ತೀರ್ಮಾನಿಸಿದೆ. ಪುಸ್ತಕದ ಚಿತ್ರದಲ್ಲಿ ಅದು ಮೂಲೆಯಲ್ಲಿ ಒಂದು ಚುಕ್ಕಿಯಷ್ಟಿತ್ತು. ಪುಸ್ತಕ ಬರೆದವರಿಗೆ ನನ್ನಷ್ಟು ಚೆನ್ನಾಗಿ ಕಂಡಿರಲಿಕ್ಕಿಲ್ಲ ಎಂದು ಅವರನ್ನು ಮನಸ್ಸಿನಲ್ಲೇ ಕ್ಷಮಿಸಿದೆ. ನಾನು ಬರೆದ ಚಿತ್ರವನ್ನು ಮೇಷ್ಟ್ರು ಬಹಳ ಹೊತ್ತು ನೋಡಿ, “ಹ್ಞೂಂ” ಎಂದು ವಾಪಸು ಕೊಟ್ಟರು. ಅದನ್ನು ನಾನು ಮೆಚ್ಚುಗೆಯೆಂದು ತಿಳಿದೆ.

ಮನೆಗೆ ಬಂದು ವರ್ಣಿಸಿದೆ. ಪದ್ದಕ್ಕ ಹೂ ಕಟ್ಟುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು.

“ಪುಸ್ತಕದಲ್ಲಿ ಮೂಲೇಲಿ ಚುಕ್ಕಿ ಇದೆಯಲ್ಲೋ?”

“ನಾನು ಕಣ್ಣಾರೆ ನೋಡಿದೀನಿ ಕಣೇ. ಮಧ್ಯದಲ್ಲಿ, ದೊಡ್ಡದು. ರಾಜನ ಥರ.”

“ಚುಕ್ಕೀನೂ ಇರ್ಲಿ, ನಿನ್ ರಾಜನೂ ಇರ್ಲಿ” ಎಂದಳು. “ಆದ್ರೆ ಮನೆ ನಡೆಸೋದು ರಾಜ ಅಲ್ಲ ಕಣೋ. ಮೂಲೇಲಿ ಕೂತ್ಕೊಂಡಿರೋ ಅಜ್ಜಿ. ಆ ಚುಕ್ಕಿ ಅಜ್ಜಿ.”

ಮಾರನೆಯ ಬೆಳಗ್ಗೆ ನಮ್ಮ ಮನೆಯ ಮುಂದೆ ಸೆಗಣಿ ಸಾರಿಸಿದ ನೆಲದ ಮೇಲೆ ಈರುಳ್ಳಿಯ ಒಳಮೈ ಪ್ರತ್ಯಕ್ಷವಾಗಿತ್ತು. ಬಿಳಿ ಗೆರೆಯಲ್ಲಿ ಇಟ್ಟಿಗೆ ಸಾಲು. ಪ್ರತಿ ಇಟ್ಟಿಗೆಯ ಮೂಲೆಯಲ್ಲೂ ಕುಂಕುಮದ ಚುಕ್ಕಿ: ಅಜ್ಜಿ. ಎಲ್ಲಕ್ಕೂ ನಡುವೆ ನನ್ನ ರಾಜ, ಇದ್ದಲು ಪುಡಿಯ ದಪ್ಪ ಅಂಚಿನ ಸಮೇತ. ಯಾವ ಮನೆಯ ಹೊಸ್ತಿಲು ಈರುಳ್ಳಿಯನ್ನು ದಾಟಗೊಡುತ್ತಿರಲಿಲ್ಲವೋ ಅದೇ ಹೊಸ್ತಿಲ ಮುಂದೆ ಈರುಳ್ಳಿ ಮೈಹರಡಿ ಮಲಗಿತ್ತು. ಅಮ್ಮ ಅದನ್ನು ನೋಡಿ, “ಚೆನ್ನಾಗಿದೆ ಕಣೇ, ಕೋಟೆ ಥರ” ಎಂದು ಮೆಚ್ಚಿದರು. ನಾವಿಬ್ಬರೂ ಬಾಯಿ ಬಿಡಲಿಲ್ಲ.

ಎದುರುಮನೆಯ ನರಸಮ್ಮನವರು ನೀರಿನ ಕೊಡ ಹಿಡಿದು ಬಂದು ನಿಂತರು. ಅವರ ಬಾಯಲ್ಲಿ ರಂಗೋಲಿ ಎಂದರೆ ಮುಗ್ಗು. ಅವರ ಕನ್ನಡ ತೆಲುಗಿನ ಹೆಗಲ ಮೇಲೆ ಕೈಹಾಕಿಕೊಂಡೇ ನಡೆಯುತ್ತಿತ್ತು.

“ಏಮ್ಮಾ ಪದ್ಮಾ, ಇದ್ಯಾವ ಮುಗ್ಗಮ್ಮಾ? ಯಾವ ದೇವ್ರದು?”

“ಎಲ್ಲಾ ದೇವ್ರದೂ ಅಕ್ಕಯ್ಯ. ಜೀವ ಇರೋದೆಲ್ಲಾ ಒಳಗಡೆ ಹಿಂಗೇ ಇರ್ತದಂತೆ.”

“ಅಬ್ಬ! ಹಂಗಾದ್ರೆ ಭಲೇ ಮುಗ್ಗೇ. ಆದ್ರೆ ಬಾಗ್ಲಲ್ಲಿ ಕರೀದು ಹಾಕ್ತಾರೇನಮ್ಮಾ ಎಲ್ಲಾದ್ರೂ? ಕೆಮ್ಮಣ್ಣು ಹಾಕು.”

ಪದ್ದಕ್ಕ ಕೂಡಲೇ ಇದ್ದಲನ್ನು ಗುಡಿಸಿ ಕೆಮ್ಮಣ್ಣಿನ ಅಂಚು ಕಟ್ಟಿದಳು. ವಿಜ್ಞಾನಕ್ಕೆ ನಮ್ಮ ಬೀದಿ ಸೂಚಿಸಿದ ಮೊದಲ ತಿದ್ದುಪಡಿ ಅದು. ಆ ವಾರ ಮುಗಿಯುವುದರೊಳಗೆ ಬೀದಿಯ ಮನೆಮನೆಯ ಮುಂದೆಯೂ ಕೋಶಗಳು ಕಾಣಿಸಿಕೊಂಡವು. ಒಬ್ಬರು ಮೂಲೆಗೆ ತಾವರೆ ಸೇರಿಸಿದರು, ಇನ್ನೊಬ್ಬರು ಸುತ್ತ ಬಳ್ಳಿ ಬಿಟ್ಟರು. ಪದ್ದಕ್ಕ ಮನೆಮನೆಗೂ ಹೋಗಿ, “ಚುಕ್ಕಿ ಬಿಡಬೇಡಿ, ಗುಂಡಗಿರೋದನ್ನ ಬಿಡಬೇಡಿ” ಎಂದು ಹೇಳಿ ಬಂದಳು.

ಅಷ್ಟಾದರೂ ಅವಳು ಒಮ್ಮೆಯೂ ಸೂಕ್ಷ್ಮದರ್ಶಕದಲ್ಲಿ ನೋಡಿರಲಿಲ್ಲ. ಅವಳಿಗೆ ಇದ್ದ ಆಸೆ ಅದೊಂದೇ. ಒಡವೆ ಕೇಳಿದವಳಲ್ಲ, ಸೀರೆ ಕೇಳಿದವಳಲ್ಲ. “ಒಂದ್ಸಲ ನೋಡ್ಬೇಕು ಕಣೋ” ಎಂದಳು. ನಾನು ಹೋಗಿ ಮೇಷ್ಟ್ರನ್ನು ಕೇಳಿದೆ. “ಶನಿವಾರ ಅರ್ಧ ದಿನ. ಹುಡುಗ್ರು ಹೋದ್ಮೇಲೆ ಕರ್ಕೊಂಡ್ ಬಾ” ಎಂದರು. ಅಮ್ಮನೂ, ಜೊತೆಗೆ ನಾನಿರುತ್ತೇನೆಂಬ ಕಾರಣಕ್ಕೆ, ಮನಸ್ಸಿಲ್ಲದ ಮನಸ್ಸಿನಿಂದ ಹೂಂ ಅಂದರು.

ಶನಿವಾರ ಮಧ್ಯಾಹ್ನ ನಾನು ಸ್ಕೂಲಿನಿಂದ ಓಡಿ ಬಂದರೆ ಮನೆಯ ಮುಂದೆ ಜಟಕಾ ನಿಂತಿದೆ. ಒಳಗೆ ಚಾಪೆಯ ಮೇಲೆ ಶ್ರೀನಿವಾಸಪುರದವರು. ಅವರದು ಮಾವಿನ ತೋಪಿನ ಮನೆ. ಕಚೇರಿಗೆ ಏನೋ ಕೆಲಸಕ್ಕೆ ಬಂದವರು, ಅಪ್ಪನ ಮಾತಿನಿಂದ ಹೆಣ್ಣನ್ನೂ ನೋಡಿಕೊಂಡು ಹೋಗೋಣವೆಂದು ಬಂದಿದ್ದರು. ಪದ್ದಕ್ಕನಿಗೆ ಅಮ್ಮನ ರೇಷ್ಮೆ ಸೀರೆ ಉಡಿಸಿದ್ದರು. ರೇಷ್ಮೆಯೂ ಪ್ರೋಟೀನೇ ಎಂದು ನಾವಿಬ್ಬರೂ ಓದಿದ್ದೆವು. ಹುಳದ ಉಗುಳು ಮಡಿಯಾಗುವ, ಗಿಡದ ಹತ್ತಿ ಮೈಲಿಗೆಯಾಗುವ ಅಮ್ಮನ ಶಾಸ್ತ್ರದ ಬಗ್ಗೆ ನಕ್ಕಿದ್ದೆವು. ಆವತ್ತು ಅವಳು ನಗಲಿಲ್ಲ. ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದು, ತಲೆ ತಗ್ಗಿಸಿ ಕೂತಳು. ಬಂದವರು ಎದುರಿನಿಂದ ನೋಡಿದರು, ಪಕ್ಕದಿಂದ ನೋಡಿದರು, ನಡೆಸಿ ನೋಡಿದರು, ಹಾಡಿಸಿ ನೋಡಿದರು. ನೋಡಲು ಹೊರಟಿದ್ದವಳು ನೋಡಿಸಿಕೊಂಡಳು. ಸಂಜೆಯಾಯಿತು. ಮೇಷ್ಟ್ರು ಕಾದಿದ್ದು ಬೀಗ ಹಾಕಿಕೊಂಡು ಹೋದರು. ಸೋಮವಾರ ಸೂಕ್ಷ್ಮದರ್ಶಕ ಊರು ಬಿಟ್ಟಿತು. ಆ ಬೇಸಿಗೆಯಲ್ಲಿ ಪದ್ದಕ್ಕನೂ ಬಿಟ್ಟಳು.

ಅವಳಿಲ್ಲದ ಆ ವರ್ಷ ನನಗೆ ಪಾಠದ ಮುಕ್ಕಾಲು ಭಾಗ ಅರ್ಥವಾಗದೆ ಉಳಿಯಿತು. ನಮ್ಮ ಮನೆಯ ಮುಂದೆ ಅಮ್ಮ ನಾಲ್ಕು ಎಳೆ ಎಳೆದು ಮುಗಿಸುತ್ತಿದ್ದರು. ಎದುರುಮನೆಯ ಮುಂದೆ ಮಾತ್ರ ಆಗಾಗ ಕೋಶಗಳು ಬೀಳುತ್ತಿದ್ದವು. ಸ್ಕೂಲಿಗೆ ಹೋಗುವಾಗ ನಾನು ಆ ಕಡೆ ನೋಡದೆ ಹೋಗುವುದನ್ನು ರೂಢಿ ಮಾಡಿಕೊಂಡೆ.

ಮರುವರ್ಷ ಸೂಕ್ಷ್ಮದರ್ಶಕದ ಸವಾರಿ ಮತ್ತೆ ಬಂತು. ನಮ್ಮಲ್ಲಿಂದ ಶ್ರೀನಿವಾಸಪುರಕ್ಕೆ ತಲುಪಿಸುವ ಹೊಣೆ ಸೀತಾರಾಮಯ್ಯ ಮೇಷ್ಟ್ರದು. ಅವರು ಅದನ್ನು ಬೇರೆ ಯಾರ ಕೈಗೂ ಕೊಡುವವರಲ್ಲ. ಭಾನುವಾರ ಅವರು ಹೊರಟಾಗ, ಅಮ್ಮ ಪದ್ದಕ್ಕನಿಗೆಂದು ಮಾಡಿಕೊಟ್ಟ ಚಕ್ಕುಲಿಯ ಡಬ್ಬಿ ಹಿಡಿದು ನಾನೂ ಬಸ್ಸು ಹತ್ತಿದೆ. ಮೇಷ್ಟ್ರು ಮೂರು ಟಿಕೆಟ್ಟು ಕೇಳಿದರು. ಕಂಡಕ್ಟರು ಖಾಲಿ ಸೀಟು ಹುಡುಕಿ, “ಇನ್ನೊಬ್ರು ಎಲ್ಲಿ ಸಾಮಿ?” ಎಂದ. ಮೇಷ್ಟ್ರು ಪೆಟ್ಟಿಗೆಯನ್ನು ತೋರಿಸಿದರು. ಅವನು ಅದಕ್ಕೂ ಟಿಕೆಟ್ಟು ಹರಿದು ಕೊಟ್ಟು, “ವಾಂತಿ ಮಾಡಲ್ಲ ತಾನೇ?” ಎಂದು ಖಚಿತ ಮಾಡಿಕೊಂಡ. ಏರು ಬಂದ ಕಡೆಯಲ್ಲೆಲ್ಲ ಇದ್ದಲಿನ ಬಸ್ಸು ಉಸಿರು ಬಿಟ್ಟು ನಿಲ್ಲುತ್ತಿತ್ತು. ನಾವೆಲ್ಲ ಇಳಿದು ತಳ್ಳುತ್ತಿದ್ದೆವು. ಇಳಿಯದೆ ಕೂತು ಪ್ರಯಾಣ ಮಾಡಿದ ಮರ್ಯಾದಸ್ಥ ಪ್ರಯಾಣಿಕ ಆ ಪೆಟ್ಟಿಗೆಯೊಂದೇ.

ಶ್ರೀನಿವಾಸಪುರ ಮುಟ್ಟಿದಾಗ ಸ್ಕೂಲಿಗೆ ಬೀಗ. ಹೆಡ್‌ಮಾಸ್ಟರರು ತಮ್ಮ ಹಳ್ಳಿಗೆ ಹೋಗಿದ್ದಾರೆ, ಬೀಗದ ಕೈಯೂ ಅವರ ಜೊತೆಗೇ ಹೋಗಿದೆ, ಬರುವುದು ಬೆಳಗ್ಗೆ. ಮೇಷ್ಟ್ರು ಪೆಟ್ಟಿಗೆ ಹೊತ್ತು ಬಿಸಿಲಿನಲ್ಲಿ ಸ್ವಲ್ಪ ಹೊತ್ತು ನಿಂತರು. ಆಮೇಲೆ, “ನಿಮ್ಮಕ್ಕನ ಮನೆ ಎಲ್ಲೋ?” ಎಂದರು.

ಪದ್ದಕ್ಕನ ಅತ್ತೆ ಬಾಗಿಲಲ್ಲೇ ಪೆಟ್ಟಿಗೆಯನ್ನು ತಡೆದರು. ಆ ಮನೆಯೂ ಈರುಳ್ಳಿ ಇಲ್ಲದ ಮನೆ.

“ಅದ್ರಲ್ಲೇನಪ್ಪಾ? ಚರ್ಮ ಗಿರ್ಮ ಇಲ್ಲ ತಾನೇ?”

“ಕನ್ನಡಕ ತಾಯಿ, ಸ್ವಲ್ಪ ದೊಡ್ಡದು” ಎಂದರು ಮೇಷ್ಟ್ರು.

ಊಟವಾಯಿತು. ಪದ್ದಕ್ಕ ಬಡಿಸಿದಳು. ಸ್ವಲ್ಪ ಸೊರಗಿದ್ದಳು. ಪೆಟ್ಟಿಗೆಯನ್ನು ಒಮ್ಮೆ ನೋಡಿದಳು, ಆಮೇಲೆ ಅಡುಗೆಮನೆಯ ಬಾಗಿಲ ಹಿಂದೆ ನಿಂತಳು. ಬಾಗಿಲ ಕೆಳಗೆ ಅವಳ ಕಾಲ ಬೆರಳುಗಳು ಮಾತ್ರ ಕಾಣುತ್ತಿದ್ದವು. ಭಾವ ತೋಪಿಗೆ ಹೋಗಿದ್ದರು. ಅತ್ತೆ ಜಗಲಿಯ ಕಂಬಕ್ಕೆ ಒರಗಿ ಎಲೆ ಅಡಿಕೆ ಹಾಕಿಕೊಂಡರು. ಕೇಳುವುದು ಹೇಗೆಂದು ನನಗೆ ಹೊಳೆಯಲಿಲ್ಲ. ಸುಳ್ಳು ಹೇಳಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು.

“ತಾಯಿ, ಬಸ್ಸಲ್ಲಿ ಬಹಳ ಅಲ್ಲಾಡಿತು. ಕೆಟ್ಟಿದ್ರೆ ನನ್ನ ಮೇಲೆ ಬರ್ತದೆ. ಯಾರಾದ್ರೂ ಎಳೇ ಕಣ್ಣಿನೋರು ಒಂದ್ಸಲ ನೋಡಿ ಹೇಳ್ಬೇಕಾಗಿತ್ತು.”

“ಅದಕ್ಕೇನಂತೆ, ಇವ್ನಿದಾನಲ್ಲ?” ಅತ್ತೆ ನನ್ನನ್ನು ತೋರಿಸಿದರು.

“ಇವನ ಕಣ್ಣು ನಂಬೋ ಹಾಗಿಲ್ಲ ತಾಯಿ” ಎಂದರು ಮೇಷ್ಟ್ರು, ಬಹಳ ದುಃಖದಿಂದ.

ನನಗೆ ಅವಮಾನವಾಯಿತು. ಅತ್ತೆ ಅಗಿಯುವುದನ್ನು ನಿಲ್ಲಿಸಿ ಮೇಷ್ಟ್ರ ಮುಖ ನೋಡಿದರು, ಬಾಗಿಲ ಕೆಳಗಿನ ಬೆರಳುಗಳನ್ನೂ ನೋಡಿದರು. “ಪದ್ಮಾ, ಬಾರೇ ಇಲ್ಲಿ. ಮೇಷ್ಟ್ರಿಗೇನೋ ಕಣ್ಣು ಬೇಕಂತೆ” ಎಂದರು.

ಈರುಳ್ಳಿ ಇಲ್ಲವಲ್ಲ! ಪದ್ದಕ್ಕ ಹಿತ್ತಿಲಿಗೆ ಓಡಿ ಒಂದು ದೊಡ್ಡಪತ್ರೆ ಎಲೆ ಕಿತ್ತು ತಂದಳು. ಮೇಷ್ಟ್ರು ಅದನ್ನು ಮುರಿದು, ಅಡಿಯ ಪೊರೆಯನ್ನು ಬಿಡಿಸಿ, ಗಾಜಿನ ಮೇಲೆ ಹಾಸಿ, ಒಂದು ತೊಟ್ಟು ಅಯೋಡಿನ್ ಬಿಟ್ಟು, ಮೇಲೊಂದು ತೆಳು ಗಾಜು ಮುಚ್ಚಿದರು. ತೊಟ್ಟಿಯಂಗಳದ ಬೆಳಕನ್ನು ಸೂಕ್ಷ್ಮದರ್ಶಕದ ಅಡಿಯ ಕನ್ನಡಿಗೆ ಹಿಡಿಸಿದರು. ಪದ್ದಕ್ಕ ಸೆರಗು ಸಿಕ್ಕಿಸಿಕೊಂಡು ಬಗ್ಗಿದಳು.

ನನಗೆ ಕಾಣುತ್ತಿದ್ದದ್ದು ಅವಳ ಬೆನ್ನು. ಅದು ಉಸಿರಾಡುವುದನ್ನು ಮರೆತಿತ್ತು.

“ಏನ್ ಕಾಣ್ತದಮ್ಮ?” ಎಂದರು ಮೇಷ್ಟ್ರು.

“ಬಾಯಿ” ಎಂದಳು ಮೆಲ್ಲಗೆ. “ಚಿಕ್ಕ ಚಿಕ್ಕ ಬಾಯಿ. ಬಿಟ್ಕೊಂಡಿವೆ. ಎಲೆ ಉಸಿರಾಡೋದು ಇದ್ರಲ್ಲೇನಾ ಮೇಷ್ಟ್ರೇ?”

“ಅದ್ರಲ್ಲೇ.”

“ಅಜ್ಜಿ ಇದಾಳೆ ಕಣೋ ನಾಣಿ! ಮನೆಮನೇಲೂ ಒಬ್ಳು ಕೂತಿದಾಳೆ.” ಅವಳ ಬೆರಳು ಗಾಜನ್ನು ಸ್ವಲ್ಪ ತಳ್ಳಿತು. “ಎಡಕ್ಕೆ ತಳ್ಳಿದ್ರೆ ಬಲಕ್ಕೆ ಹೋಗ್ತದಲ್ಲಾ ಇದು, ನಮ್ಮನೆಯವ್ರ ಥರ.” ಅತ್ತೆ ಇರುವುದು ನೆನಪಾಗಿ ನಾಲಿಗೆ ಕಚ್ಚಿಕೊಂಡಳು. ಮತ್ತೆ, “ಹಾಂ, ನಿನ್ ರಾಜನೂ ಸಿಕ್ದ. ಕಪ್ಪು ಅಂಚು, ಹೊಳೀತಿದಾನೆ” ಎಂದಳು. ನಾನು ಮೇಷ್ಟ್ರ ಕಡೆ ಹೆಮ್ಮೆಯಿಂದ ನೋಡಿದೆ. ಅವರು ಮಾಡಿನ ಕಡೆ ನೋಡುತ್ತಿದ್ದರು. ಪದ್ದಕ್ಕ ಮೇಲಿನ ಗಾಜನ್ನು ಬೆರಳ ತುದಿಯಿಂದ ಒತ್ತಿದಳು. ಕ್ಷಣ ಬಿಟ್ಟು ಅವಳ ಬೆನ್ನು ಕುಲುಕತೊಡಗಿತು.

“ಲೋ ನಾಣಿ, ನಿನ್ ರಾಜ ಓಡ್ಹೋದ ಕಣೋ! ಒತ್ತಿದ್ರೆ ಪಕ್ಕದ್ಮನೆಗೆ ಹೋಗ್ತಾನೆ. ಗಾಳಿಗುಳ್ಳೆ ಕಣೋ ಅದು, ಬರೀ ಗಾಳಿಗುಳ್ಳೆ!”

ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮದುವೆಯಾದ ಮೇಲೆ ಅವಳು ಹಾಗೆ ನಕ್ಕದ್ದನ್ನು ಆ ಮನೆ ನೋಡಿರಲಿಲ್ಲವೆಂದು ಕಾಣುತ್ತದೆ. ಅತ್ತೆ ಎದ್ದು ಬಂದು, ನಾನೂ ನೋಡ್ತೀನಿ ಎಂದು ಬಗ್ಗಿದರು. ನೋಡಿದವರು ಕಣ್ಣನ್ನು ಅಲ್ಲಿಂದ ತೆಗೆಯದೆಯೇ, “ಶಿವನೇ, ಒಂದೆಲೇಲಿ ಇಷ್ಟು ಸಂಸಾರಾನಾ? ಇದನ್ನೇನಾ ನಾವು ತಂಬುಳಿ ಮಾಡೋದು!” ಎಂದರು.

ಪೆಟ್ಟಿಗೆ ಮುಚ್ಚುವ ಮೊದಲು ಪದ್ದಕ್ಕ ಮೇಷ್ಟ್ರನ್ನು ಒಂದು ಪ್ರಶ್ನೆ ಕೇಳಿದಳು.

“ಆ ಅಜ್ಜಿ ಒಳಗೇನಿದೆ ಮೇಷ್ಟ್ರೇ? ಮನೆಗೆಲ್ಲಾ ಹೇಳ್ಕೊಡೋದು ಅವಳಿಗೆ ಹೆಂಗೆ ಗೊತ್ತು?”

ಮೇಷ್ಟ್ರು ಮಕಮಲ್ಲನ್ನು ಸವರುತ್ತ, “ನನಗೆ ಗೊತ್ತಿಲ್ಲಮ್ಮ. ದೊಡ್ಡದೊಡ್ಡೋರು ಹುಡುಕ್ತಾ ಇದಾರೆ. ಗೊತ್ತಾದ ದಿನ ನಿಮ್ ನಾಣಿ ಬಂದು ಹೇಳ್ತಾನೆ” ಎಂದರು.

“ಹೇಳ್ತೀಯೇನೋ?”

“ಹೇಳ್ತೀನಿ ಕಣೇ” ಎಂದೆ. ಆ ವಯಸ್ಸಿನಲ್ಲಿ ಮಾತು ಕೊಡುವುದಕ್ಕೆ ಏನೂ ಖರ್ಚಾಗುತ್ತಿರಲಿಲ್ಲ.

ಆ ವರ್ಷ ಗೌರಿ ಹಬ್ಬಕ್ಕೆ ತವರಿಗೆ ಬಂದವಳು ಬಾಗಿಲಲ್ಲಿ ಮತ್ತೆ ಅದೇ ರಂಗೋಲಿ ಬರೆದಳು. ಗುಳ್ಳೆಯನ್ನೂ ಬರೆದಳು. ನಾನು ಈಗ ತಿಳಿದವನು. “ಅದು ತಪ್ಪು, ತೆಗಿಯೇ” ಎಂದೆ.

“ಇರ್ಲಿ ಬಿಡೋ. ನೀನು ನೋಡಿದ್ದಲ್ವಾ?” ಎಂದಳು. ಎದುರುಮನೆಯ ನರಸಮ್ಮನವರು ಸಮಯ ನೋಡಿ, ಅಂತೂ ಆ ಗುಂಡಗಿರೋದು ಏನಮ್ಮಾ ಎಂದು ಕೇಳಿದರು. ಪದ್ದಕ್ಕ ನನ್ನ ಕಡೆ ಓರೆಗಣ್ಣಲ್ಲಿ ನೋಡಿ, ನಗು ತಡೆದುಕೊಂಡು, “ಅದು ಉಸಿರು ಅಕ್ಕಯ್ಯ” ಎಂದಳು.

ಅದೇ ಅವಳ ಕೊನೆಯ ರಂಗೋಲಿ, ನಮ್ಮ ಬೀದಿಯ ಮಟ್ಟಿಗೆ. ಮುಂದಿನ ಗೌರಿ ಹಬ್ಬದ ಹೊತ್ತಿಗೆ ಅವಳಿರಲಿಲ್ಲ. ವಿಷಮಶೀತ ಜ್ವರ ಎಂದರು. ಅದಕ್ಕೆ ಆಗ ಮದ್ದಿರಲಿಲ್ಲ.

ನಾನು ವಿಜ್ಞಾನದ ಮೇಷ್ಟ್ರಾದೆ. ಬೇರೇನಾದರೂ ಆಗಬಹುದಿತ್ತು ಎಂದು ನನಗೆ ಅನ್ನಿಸಿದ್ದಿಲ್ಲ. ಒಬ್ಬ ಹುಡುಗನಾಗಲಿ, ಒಬ್ಬ ಹುಡುಗಿಯಾಗಲಿ ಈರುಳ್ಳಿಯ ಪೊರೆ ನೋಡದೆ ನನ್ನ ತರಗತಿಯಿಂದ ಹೊರಗೆ ಹೋಗಿಲ್ಲ. ಹುಡುಗಿಯರಿಗೆ ಮೊದಲ ಸರದಿ. ಗಾಳಿಗುಳ್ಳೆಯನ್ನು ನ್ಯೂಕ್ಲಿಯಸ್ಸೆಂದು ಬರೆದುಕೊಂಡು ಬಂದವರನ್ನು ನಾನು ಗದರಲಿಲ್ಲ. “ಹ್ಞೂಂ” ಎಂದು ವಾಪಸು ಕೊಟ್ಟೆ. ಪದ್ದಕ್ಕನ ಪ್ರಶ್ನೆಗೆ ಉತ್ತರವೂ ಸಿಕ್ಕಿತು, ಬಹಳ ತಡವಾಗಿ. ಅಜ್ಜಿಯ ಒಳಗೆ ಎರಡು ಎಳೆಯ ಒಂದು ದಾರವಿದೆಯಂತೆ, ಒಂದಕ್ಕೊಂದು ಸುತ್ತಿಕೊಂಡು. ಬಿಡಿಸಿದರೆ ಒಂದೊಂದು ಎಳೆಯೂ ತನ್ನ ಜೊತೆಗಾತಿಯನ್ನು ತಾನೇ ಹೊಸದಾಗಿ ಕಟ್ಟಿಕೊಳ್ಳುತ್ತದಂತೆ. ಅದನ್ನು ಮೊದಲು ಓದಿದ ದಿನ ನನಗೆ ಕಂಡದ್ದು ಮಲ್ಲಿಗೆ ಕಟ್ಟುವ ಅವಳ ಬೆರಳುಗಳು. ಪ್ರತಿ ವರ್ಷ ಆ ಪಾಠ ಬಂದಾಗ ನಾನು ಉತ್ತರವನ್ನು ಹುಡುಗರಿಗೆ ಬೆನ್ನು ಮಾಡಿ, ಬಾಗಿಲ ಕಡೆ ತಿರುಗಿ ಹೇಳುತ್ತಿದ್ದೆ. ಬಾಗಿಲ ಹಿಂದೆ ಯಾರ ಕಾಲ ಬೆರಳೂ ಇರುತ್ತಿರಲಿಲ್ಲ. ಮೇಷ್ಟ್ರಿಗೆ ಬಾಗಿಲಲ್ಲಿ ಯಾರೋ ಕರೆದ ಹಾಗೆ ಕೇಳಿಸುತ್ತದೆ ಎಂದು ಹುಡುಗರು ಮಾತಾಡಿಕೊಳ್ಳುತ್ತಿದ್ದರು.

ಮೊನ್ನೆ ನೆಂಟರ ಮದುವೆಗೆಂದು ಮುಳಬಾಗಿಲಿಗೆ ಹೋಗಿದ್ದೆ. ಬೆಳಗ್ಗೆ ಬೇಗ ಎದ್ದು, ಕಾಲು ಒಯ್ದ ಕಡೆ ಹೋದೆ. ಕಾಲು ಹಳೆಯ ಬೀದಿಗೇ ಒಯ್ದಿತು. ನಮ್ಮ ಮನೆ ಈಗ ಇಲ್ಲ. ಎದುರುಮನೆಯ ಜಾಗದಲ್ಲಿ ಎದ್ದಿರುವ ತಾರಸಿ ಮನೆಯ ಮುಂದೆ, ನೀರು ಚಿಮುಕಿಸಿದ ಸಿಮೆಂಟಿನ ಮೇಲೆ, ಒಬ್ಬ ಹುಡುಗಿ ಕುಕ್ಕರುಗಾಲಲ್ಲಿ ಕೂತು ರಂಗೋಲಿ ಬರೆಯುತ್ತಿದ್ದಳು. ಇಟ್ಟಿಗೆ ಸಾಲು. ಪ್ರತಿ ಇಟ್ಟಿಗೆಯ ಮೂಲೆಯಲ್ಲೂ ಒಂದು ಕುಂಕುಮದ ಚುಕ್ಕಿ. ನಡುವೆ ದೊಡ್ಡದೊಂದು ಗುಂಡು. ಅದಕ್ಕೆ ಕೆಮ್ಮಣ್ಣಿನ ಅಂಚು ಕಟ್ಟುತ್ತಿದ್ದಳು.

ನಾನು ನಿಂತೇ ಇದ್ದೆನೆಂದು ಕಾಣುತ್ತದೆ. ಅವಳು ತಲೆ ಎತ್ತಿದಳು.

“ಯಾರು ಬೇಕು ತಾತ?”

“ಯಾರೂ ಇಲ್ಲಮ್ಮ. ಇದ್ಯಾವ ರಂಗೋಲಿ?”

“ಕೋಟೆ ಮುಗ್ಗು. ನಮ್ಮಜ್ಜೀಗೆ ಅವರತ್ತೆ ಹೇಳ್ಕೊಟ್ಟಿದ್ದಂತೆ.”

“ಮಧ್ಯದ್ದು?”

“ಅದಾ? ಉಸಿರು” ಎಂದಳು, ಇಷ್ಟೂ ಗೊತ್ತಿಲ್ಲವೇ ಎಂಬ ಧಾಟಿಯಲ್ಲಿ. “ಅದನ್ನ ಮಾತ್ರ ಬಿಡಬಾರದಂತೆ.”

ಜೀವಮಾನವೆಲ್ಲ ತಪ್ಪು ತಿದ್ದಿದವನು ನಾನು. ನಾಲಿಗೆಯ ತುದಿಯವರೆಗೆ ಬಂತು. ನುಂಗಿಕೊಂಡೆ. ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು, ಬೀದಿಯ ಅಂಚಿನಲ್ಲಿ, ಅದನ್ನು ತುಳಿಯದಂತೆ ಬಳಸಿಕೊಂಡು ಹೋದೆ.